ಅಟ್ಟದ ಕೆಳಗಿನವರು

"ಇದೇನ್ಲಾ ಬೋಳಿಮಗನೆ, ಉಂಡೇನೋ ನಿಮ್ಮಪ್ಪನ್ ಬುರುಡೇನೋ?"

ಮೇಸ್ತ್ರಿ ಮರಿಯಣ್ಣ ನನ್ನ ಮುಂದಿನ ರಾಶಿಯಿಂದ ಸೀಳಿಹೋದ ಕೊಬ್ಬರಿಯೊಂದನ್ನು ಎತ್ತಿ ನನ್ನ ಮೂಗಿಗೆ ಹಿಡಿದಿದ್ದ. ಕೆಲಸಕ್ಕೆ ಸೇರಿ ಆಗ ನನಗೆ ಎರಡು ವಾರ.

"ಬಿ.ಎ. ಓದಿವ್ನಿ ಅಂತೀಯ. ಎಲ್ಲಿಟ್ಟಿದ್ಯೋ ಗ್ಯಾನವ?"

"ಬಿ.ಎ. ಅಂದ್ರೆ ಬಿಟ್ಟಿ ಆಳು ಅಂತ ಮೇಸ್ತ್ರಿ. ಗ್ಯಾನ ಸಿಲಬಸ್ಸಲ್ಲಿರ್ಲಿಲ್ಲ."

ಪಕ್ಕದಲ್ಲಿದ್ದ ಗಿಡ್ಡಯ್ಯ ಕಿಸಕ್ಕೆಂದ. ಮರಿಯಣ್ಣ ಆ ಹೋಳಿನಿಂದಲೇ ನನ್ನ ತಲೆಗೆ ಒಂದು ಕುಟ್ಟಿ ಮುಂದೆ ಹೋದ.

ಅರಸೀಕೆರೆಯಿಂದ ನಾಲ್ಕು ಮೈಲಿ ಆಚೆ, ರೈಲು ಹಳಿಯ ಪಕ್ಕ, ಷಡಕ್ಷರಪ್ಪನವರ ಕೊಬ್ಬರಿ ಗೋದಾಮು. ಕೊಬ್ಬರಿ ಎಂಬ ಪದವನ್ನು ನಾನು ಅಲ್ಲಿಯೇ ಬಿಡಿಸಿದ್ದು: ಕೊಬ್ಬು ಅವರದು, ಬರಿ ನಮ್ಮದು. ಒಡೆಯ ಎಂದರೆ ಜನ್ಮದಲ್ಲಿ ಒಂದು ಕಾಯಿ ಒಡೆಯದವನು. ಇಂಥವನ್ನೆಲ್ಲ ಹೇಳಿ ಹೇಳಿ ನಗಿಸುತ್ತಿದ್ದೆ. ಕೂಲಿಗೆ ಬಂದವನು ನಗಿಸುತ್ತಲೂ ಇದ್ದರೆ ಮೇಸ್ತ್ರಿಯ ಒದೆ ಒಂದೆರಡು ಕಡಿಮೆ ಬೀಳುತ್ತದೆ.

ತೆಂಗಿನಕಾಯಿ ಒಂದು ವರ್ಷ ಅಟ್ಟದ ಮೇಲೆ ಮಲಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗೋಲಿಯಂತೆ ಲೊಟಲೊಟ ಎನ್ನುತ್ತದೆ. ಆಗ ಕೆಳಗಿಳಿಸಿ ಸಿಪ್ಪೆ ಸುಲಿಯುತ್ತಾರೆ. ಆಮೇಲಿನದು ನಮ್ಮ ಕೆಲಸ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಕಾಯಿಯನ್ನು ತಿರುಗಿಸುತ್ತ ಮೂರು ಏಟು. ಚಿಪ್ಪು ಮಾತ್ರ ಬಿರಿದು ಉದುರಬೇಕು, ಒಳಗಿನ ಕೊಬ್ಬರಿ ಗೀರೂ ಬೀಳದೆ ಉಂಡೆಯಾಗಿ ಈಚೆಗೆ ಬರಬೇಕು. ಉಂಡೆಗೆ ಬೆಲೆ. ಸೀಳಿದ್ದು ಎಣ್ಣೆ ಗಾಣಕ್ಕೆ. ಏಟು ಬೀಳುವ ಗಳಿಗೆಯಲ್ಲಿ ಕೆಲಸದವನ ಮನಸ್ಸು ಒಂದು ಕೂದಲೆಳೆಯಷ್ಟು ಆಚೆ ಹೋದರೂ ಮಚ್ಚು ಒಳಗಿಳಿದು ಉಂಡೆ ಹೋಳಾಗುತ್ತದೆ. ಅದಕ್ಕೇ ನಾವು ಮಾತಾಡುತ್ತ, ನಗುತ್ತ ಒಡೆಯುತ್ತಿದ್ದರೂ ಕೈಯ ಪಾಡಿಗೆ ಕೈ. ಗಿಡ್ಡಯ್ಯ ತನ್ನ ತಾಯಿ ಸತ್ತ ಸುದ್ದಿ ಕೇಳಿದಾಗಲೂ ಕೈಯಲ್ಲಿದ್ದ ಕಾಯಿಯನ್ನು ಉಂಡೆಯಾಗಿಯೇ ತೆಗೆದಿಟ್ಟು ಎದ್ದವನಂತೆ.

ಒಡೆಯಲು ಕೂರುತ್ತಿದ್ದವರು ಐದು ಜನ. ಹಿರಿಯ ಗಿಡ್ಡಯ್ಯ. ಅವನಿಗಿಂತ ನಾಲ್ಕು ವರ್ಷ ಚಿಕ್ಕವಳಾದ ಸಣ್ಣತಾಯಮ್ಮ. ಹುಲಿಕೆರೆ ಕಡೆಯಿಂದ ಬಂದು ಮಾವನ ಮನೆಯಲ್ಲಿದ್ದ ಮಾತು ಕಮ್ಮಿಯ ಚನ್ನಪ್ಪ. ಲತಾಮಣಿ. ನಾನು, ಪುಟ್ಟರಾಜು. ಚನ್ನಪ್ಪನನ್ನು ಬಿಟ್ಟು ಮಿಕ್ಕ ನಾಲ್ವರದೂ ಒಂದೇ ಕೇರಿ. ಲತಾಮಣಿಯ ಗಂಡ ಕ್ಲೀನರ್ ಆಗಿ ಲಾರಿಯ ಜೊತೆ ಹೋದವನು ಲಾರಿ ಬಂದರೂ ಬಂದಿರಲಿಲ್ಲ. ಅವಳಿಗೆ ಇಪ್ಪತ್ತಾರು.

ನಮ್ಮ ತಲೆಯ ಮೇಲೇ ಅಟ್ಟ. ಅಡಿಕೆ ದಬ್ಬೆ ಹಾಸಿ ಮಾಡಿದ್ದು. ಗಾಳಿಯಾಡಲೆಂದು ದಬ್ಬೆಗೂ ದಬ್ಬೆಗೂ ನಡುವೆ ಬೆರಳು ಸಂದಿ. ಮೇಲೆ ಯಾರಾದರೂ ನಡೆದರೆ ಕೆಳಗೆ ಕೂತವರ ತಲೆಯ ಮೇಲೆ ಧೂಳು. ಹತ್ತಲು ಹದಿನಾಲ್ಕು ಅಡಿಯ ಬಿದಿರಿನ ಏಣಿ. ಕಾಯಿ ಇಳಿಸಲು ಯಾವಾಗಲೂ ಇಬ್ಬರು ಹೆಂಗಸರು ಹತ್ತಬೇಕೆಂಬುದು ಅಲ್ಲಿನ ಪದ್ಧತಿ. ಒಬ್ಬಳು ಗೋರುವವಳು, ಇನ್ನೊಬ್ಬಳು ಮಂಕರಿ ತುಂಬಿ ಇಳಿಬಿಡುವವಳು. ಇದು ಕೆಲಸದ ಅನುಕೂಲಕ್ಕೆ ಮಾಡಿದ ಪದ್ಧತಿ ಎಂದುಕೊಂಡಿದ್ದೆ. ಸಣ್ಣತಾಯಮ್ಮ ಒಮ್ಮೆ ಎಲೆಅಡಿಕೆ ಉಗಿದು ಹೇಳಿದಳು:

"ಅನುಕೂಲ ಅಲ್ಲ ಕಣ್ಮಗ. ದೊಡ್ಡೋರು ವಯಸ್ನಾಗಿದ್ದಾಗ ನಮ್ಮತ್ತೆ ಮಾಡಿದ್ದು ಈ ಕಾನೂನ. ಒಬ್ಳೇ ಹತ್ತಂಗಿಲ್ಲ ಅಂತ."

ದೊಡ್ಡೋರು ಎಂದರೆ ಷಡಕ್ಷರಪ್ಪ. ಈಗ ಎಂಬತ್ತು ವರ್ಷ, ಹಣೆ ತುಂಬ ವಿಭೂತಿ, ಕೆಮ್ಮು. ಗೋದಾಮು ನಡೆಸುತ್ತಿದ್ದುದು ಮಗ ಇಂದುಧರ.

*

ನಾನು ಕೆಮ್ಮಿದ್ದು ಯುಗಾದಿ ಕಳೆದ ಮೇಲೆ.

ಅವತ್ತು ಸಣ್ಣತಾಯಮ್ಮ ಮೂತ್ರಕ್ಕೆಂದು ಇಳಿದು ಹೋಗಿದ್ದಳು. ಅಟ್ಟದಲ್ಲಿ ಲತಾಮಣಿ ಒಬ್ಬಳೇ. ಇಂದುಧರ ಬಂದು ಏಣಿಯ ಬುಡದಲ್ಲಿ ಷೂ ಬಿಚ್ಚಿ, ಎರಡನ್ನೂ ಜೋಡಿಸಿಟ್ಟು ಹತ್ತಿದ. ಮೇಲಿಂದ ಅವನ ನಯವಾದ ದನಿ. "ಯಾಕೆ ಲತಾಮಣಿ, ಹೆದರ್ಕೋತೀಯ? ನಾನೇನು ಹುಲೀನಾ?" ಲತಾಮಣಿಯ ದನಿ: "ಮಂಕ್ರಿ ಬಿಡಿ ಅಣ್ಣ." ಮತ್ತೆ, "ಬಿಡಿ ಅಂದ್ನಲ್ಲ."

ಗಿಡ್ಡಯ್ಯ ಚನ್ನಪ್ಪನನ್ನು ನೋಡಿದ. ಚನ್ನಪ್ಪ ನನ್ನನ್ನು ನೋಡಿದ. ನನಗೆ ಏನನ್ನಿಸಿತೋ, ಎದ್ದು ಬಾಗಿಲ ಬಳಿ ಹೋಗಿ, ಗಂಟಲಲ್ಲಿ ಕಫ ಕಟ್ಟಿಕೊಂಡು, ಎರಡು ಸಲ ಕೆಮ್ಮಿ, "ಇಂದೂ... ಎಲ್ಲಿದೀಯಪ್ಪಾ ಇಂದೂ?" ಎಂದೆ. ಷಡಕ್ಷರಪ್ಪನವರದೇ ದನಿ. 'ಪ್ಪಾ'ದಲ್ಲಿ ಉಬ್ಬಸದ ಎಳೆ ಸಹ ಬಿಟ್ಟಿರಲಿಲ್ಲ.

ಇಂದುಧರ ಏಣಿಯ ಕೊನೆಯ ಮೂರು ಮೆಟ್ಟಿಲನ್ನು ಹಾರಿ, ಎಡಗಾಲಿಗೆ ಬಲಗಾಲಿನ ಷೂ ಹಾಕಿಕೊಂಡು ಅಂಗಳಕ್ಕೆ ಓಡಿದ.

ಒಂದು ವಾರ ನಕ್ಕೆವು. ಲತಾಮಣಿಯೂ ನಕ್ಕಳು. ಸಂಜೆ ಬಸ್ಸಿಗೆ ಕಾಯುವಾಗ ಗಿಡ್ಡಯ್ಯ, "ಇನ್ನೊಂದ್ಕಿತ ಕೆಮ್ಲಾ, ನಿನ್ ದಮ್ಮಯ್ಯ," ಎನ್ನುವನು. ನಾನು ಕೆಮ್ಮುವೆನು. ಅರಸೀಕೆರೆ ಜಂಕ್ಷನ್ನಿನ ಧ್ವನಿವರ್ಧಕದ ಹೆಂಗಸಿನ ದನಿಯಲ್ಲಿ, "ಯಾತ್ರಿಗಳ ಗಮನಕ್ಕೆ, ಇಂದುಧರ ಎಕ್ಸ್‌ಪ್ರೆಸ್ಸು ಅಟ್ಟದಿಂದ ನಿರ್ಗಮಿಸಿದೆ, ಚಪ್ಪಲಿಗಳನ್ನು ಬದಲಾಯಿಸಿಕೊಳ್ಳತಕ್ಕದ್ದು," ಎನ್ನುವೆನು. ಸಣ್ಣತಾಯಮ್ಮ ಸೆರಗು ಬಾಯಿಗಿಟ್ಟು ನಕ್ಕು ನಕ್ಕು, "ಇನ್ ಭಯಿಲ್ಲ ಕಣೇ ಲತಾಮಣಿ. ಏನಾರ ಆದ್ರೆ ಪುಟ್ರಾಜ ಅವ್ನೆ," ಎಂದಳು.

ಪುಟ್ರಾಜ ಅವ್ನೆ. ಅಲ್ಲಿಂದಾಚೆಗೆ ಆ ಮಾತು ಕೇರಿಯಲ್ಲಿ ನಿಂತುಬಿಟ್ಟಿತು. ನಾನಿದ್ದೇನೆಂದಾದ ಮೇಲೆ ಅವರು ಯಾರೂ ಇರಬೇಕಾಗಿರಲಿಲ್ಲ.

*

ಇಂದುಧರನಿಗೆ ಯಾರು ಹೇಳಿದರೋ. ತಿಂಗಳು ಕಳೆದಿರಬಹುದು. ಊಟದ ಹೊತ್ತು. ಅಂಗಳದಲ್ಲಿ ಅವನೂ ಅವನ ಇಬ್ಬರು ಗೆಳೆಯರೂ ಕುರ್ಚಿ ಹಾಕಿಕೊಂಡು ಮಂಡಕ್ಕಿ ತಿನ್ನುತ್ತಿದ್ದರು. ನನ್ನನ್ನು ಕರೆಸಿದ.

"ಬಾ ಪುಟ್ಟರಾಜು. ನಮ್ಮಪ್ಪನ ದನಿ ಬಹಳ ಚೆನ್ನಾಗಿ ತೆಗೀತೀಯಂತೆ?"

"ಇಲ್ಲಣ್ಣ, ಸುಮ್ನೆ ತಮಾಷೆಗೆ..."

"ಅಯ್ಯೋ, ಹೆದರ್ಕೋಬೇಡ. ಪ್ರತಿಭೆ ಅದು. ನಾನೂ ಕಾಲೇಜಲ್ಲಿ ನಾಟಕ ಮಾಡಿದವನೇ." ಗೆಳೆಯರತ್ತ ತಿರುಗಿ, "ಇವನಪ್ಪ ಮುನಿಯ ಅಂತ. ನಮ್ಮನೆ ಕೊಟ್ಟಿಗೆ ಬಳೀತಿದ್ದ. ಹಬ್ಬದ ದಿನ ಹಿಂದಿನ ಬಾಗಿಲಲ್ಲಿ ನಿಂತ್ಕೊಂಡು ಸಾರು ಕೇಳೋನು. ಈಗಿಲ್ಲ ಪಾಪ." ಮತ್ತೆ ನನಗೆ, "ನಮ್ಮಪ್ಪಂದು ಆಯ್ತಲ್ಲ. ನಿಮ್ಮಪ್ಪಂದು ಮಾಡು ನೋಡೋಣ."

ಕೈಗಂಟಿದ್ದ ಚಿಪ್ಪಿನ ಪುಡಿಯನ್ನು ಒರೆಸಿಕೊಂಡೆ.

"ಮಾಡಪ್ಪ. ಯಾಕೆ, ನಮ್ಮಪ್ಪ ಆದ್ರೆ ತಮಾಷೆ, ನಿಮ್ಮಪ್ಪ ಆದ್ರೆ ಆಗಲ್ವಾ?"

ಬಾಗಿಲ ಬಳಿ ಮರಿಯಣ್ಣ ನಿಂತಿದ್ದ. ನಲ್ಲಿಯ ಬಳಿ ಲತಾಮಣಿ ಬುತ್ತಿಯ ಡಬ್ಬಿ ತೊಳೆಯುತ್ತಿದ್ದಳು. ಗಿಡ್ಡಯ್ಯ, ಸಣ್ಣತಾಯಮ್ಮ, ಚನ್ನಪ್ಪ ಬೇಲಿಯ ನೆರಳಲ್ಲಿ ಉಣ್ಣುತ್ತಿದ್ದರು. ಎಲ್ಲರ ಕೈಯೂ ಬಾಯಿಗೂ ಡಬ್ಬಿಗೂ ನಡುವೆ ನಿಂತಿತ್ತು. ಯಾರಾದರೂ ಒಬ್ಬರು 'ಬಾರ್ಲಾ ಉಣ್ಣು' ಎಂದು ಕೂಗಿದ್ದರೆ ಸಾಕಿತ್ತು. ನಾನು ಹೋಗಿಬಿಡುತ್ತಿದ್ದೆ.

"ಅವ್ವಾ..." ಎಂದೆ. ಸೊಂಟ ತಾನಾಗಿ ಬಗ್ಗಿತು. ಕೈಗಳು ಇಲ್ಲದ ಪಾತ್ರೆಯನ್ನು ಹಿಡಿದವು. "ವಸಿ ಸಾರಿದ್ರೆ ಬಿಡ್ರವ್ವಾ... ಮಗಾ ಬಿಸ್ಸಾರು ಅಂತ ಕುಂತದೆ... ತಳದ್ದಾದ್ರೂ ಆಯ್ತು ಕಣ್ರವ್ವಾ..."

ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಮಿಮಿಕ್ರಿ ಮಾಡಿದ್ದಿಲ್ಲ. ಸಾರು ಬೀಳುವ ಸದ್ದಿಗೆ ಅಪ್ಪ ಗಂಟಲಲ್ಲಿ ನುಂಗುತ್ತಿದ್ದ ಉಗುಳು ಕೂಡ ಸರಿಯಾದ ಜಾಗದಲ್ಲಿ ಬಂತು. ಗೆಳೆಯರು ಚಪ್ಪಾಳೆ ತಟ್ಟಿದರು. ಇಂದುಧರ ಎದ್ದು ಬಂದು ಬೆನ್ನು ಸವರಿ, "ನೀನು ದೊಡ್ಡ ಕಲಾವಿದ ಕಣೋ," ಎಂದ. ನನ್ನ ಅಂಗೈಗೆ ಒಂದು ಹಿಡಿ ಮಂಡಕ್ಕಿ ಹಾಕಿದ.

ತಿಂದೆ.

*

ಕಾರ್ತಿಕದ ಒಂದು ಮಂಗಳವಾರ. ಬೆಳಿಗ್ಗೆ ಹನ್ನೊಂದು ಗಂಟೆಯ ಬೆಳಕು. ಬಾಗಿಲಾಚೆ ಮಾಲೇಕಲ್ಲು ಬೆಟ್ಟ ನಿಚ್ಚಳವಾಗಿ ಕಾಣುತ್ತಿತ್ತು. ಇಬ್ಬರು ಹೆಂಗಸರೂ ಅಟ್ಟ ಹತ್ತಿ ಹತ್ತು ಮಂಕರಿ ಇಳಿಸಿದ್ದರು. ಮರಿಯಣ್ಣ ಬಂದು ಕತ್ತೆತ್ತಿದ.

"ಸಣ್ತಾಯಕ್ಕಾ, ನೀನಿಳಿ. ಮಂಡಿ ನೋಯ್ತದೆ ಅಂತಿದ್ಯಲ್ಲ."

ಅವಳು ಅವತ್ತು ಮಂಡಿಯ ಮಾತೆತ್ತಿರಲಿಲ್ಲ. ಆದರೂ ಇಳಿದಳು. ಇಳಿಯುತ್ತ ಇಳಿಯುತ್ತ ಮಂಡಿ ಹಿಡಿದುಕೊಂಡಳು, ಅವನು ಹೇಳಿದ ಮೇಲೆ ನೋವು ಬಂದಂತೆ. ಬಂದು ನಮ್ಮ ಸಾಲಿನಲ್ಲಿ ಕೂತು ಮಚ್ಚು ತೆಗೆದುಕೊಂಡಳು. ಮರಿಯಣ್ಣ ಹೊರಗೆ ಹೋದ. ಇಂದುಧರ ಒಳಗೆ ಬಂದ. ಷೂ ಬಿಚ್ಚಿ ಜೋಡಿಸಿಟ್ಟ. ಹತ್ತಿದ.

ನಾಲ್ಕು ಮಚ್ಚುಗಳು ಒಂದೇ ತಾಳಕ್ಕೆ ಬಂದವು. ಯಾರೂ ಹೇಳಿಕೊಟ್ಟಿರಲಿಲ್ಲ. ಟಕ್ ಟಕ್ ಟಕ್, ಚಿಪ್ಪು. ಟಕ್ ಟಕ್ ಟಕ್, ಚಿಪ್ಪು. ಮೇಲೆ ರಾಶಿ ಜರಿದು ಕಾಯಿಗಳು ಉರುಳಿದವು. ದಬ್ಬೆಯ ಸಂದಿಯಿಂದ ಧೂಳು ಉದುರತೊಡಗಿತು. ಮೊದಲು ಸಣ್ಣಗೆ, ಆಮೇಲೆ ಹಿಡಿ ಹಿಡಿ. ಸಣ್ಣತಾಯಮ್ಮ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡಳು.

ಆಮೇಲೆ ಸದ್ದು. ಏನು ಸದ್ದು ಎಂಬುದನ್ನು ಮುಂದೆ ಹೇಳುತ್ತೇನೆ. ಈಗ ಬಾಯಿ ಬರುತ್ತಿಲ್ಲ.

ಮೂವರೂ ನನ್ನನ್ನು ನೋಡಿದರು. ನನ್ನ ಗಂಟಲಲ್ಲಿ ಕೆಮ್ಮು ಸಿದ್ಧವಾಗಿ ನಿಂತಿತ್ತು. ಅದನ್ನು ಹೊರಗೆ ಬಿಡಬೇಕೆಂದು ಬಾಯಿ ತೆರೆದರೆ 'ಅವ್ವಾ, ವಸಿ ಸಾರು' ಬಂದುಬಿಟ್ಟೀತು ಅನ್ನಿಸಿತು. ನಾನು ಗಿಡ್ಡಯ್ಯನನ್ನು ನೋಡಿದೆ. ಅವನು ಹಿರಿಯ, ಅವನೆದ್ದರೆ ನಾನೂ ಏಳುತ್ತೇನೆ. ಗಿಡ್ಡಯ್ಯ ಚನ್ನಪ್ಪನನ್ನು ನೋಡಿದ. ಚನ್ನಪ್ಪ ಸಣ್ಣತಾಯಮ್ಮನನ್ನು. ಅವಳು ಸೆರಗಿನೊಳಗಿದ್ದಳು. ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಬಂತು. ಅಬ್ಬ, ಎನಿಸಿತು. ಅಷ್ಟುದ್ದದ ಗಾಡಿಯೂ ಮುಗಿಯಿತು. ಮೇಲಿನ ಸದ್ದು ಮುಗಿದಿರಲಿಲ್ಲ.

ಇಂದುಧರ ಇಳಿದು ಬಂದ. ಷೂ ಹಾಕಿಕೊಂಡ. ಈ ಸಲ ಅದಲುಬದಲಾಗಲಿಲ್ಲ. ಹೋಗುವಾಗ ನಮ್ಮ ಮುಂದಿನ ರಾಶಿಗಳ ಮೇಲೆ ಕಣ್ಣಾಡಿಸಿ, ಬಾಗಿಲ ಬಳಿ ಬಂದಿದ್ದ ಮರಿಯಣ್ಣನಿಗೆ, "ಇವತ್ತು ಹೋಳು ಜಾಸ್ತಿ ಆದ ಹಾಗಿದೆಯಲ್ಲ, ನೋಡ್ಕೊಳ್ರೀ," ಎಂದ.

ಬಹಳ ಹೊತ್ತಿನ ಮೇಲೆ ಲತಾಮಣಿ ಇಳಿದಳು. ರವಿಕೆಯ ಒಂದು ತೋಳು ಹರಿದಿತ್ತು. ಕೂದಲಲ್ಲಿ ತೆಂಗಿನ ನಾರು. ಅಳುತ್ತಿರಲಿಲ್ಲ. ನೆಟ್ಟಗೆ ಗಿಡ್ಡಯ್ಯನ ಮುಂದೆ ಬಂದು ನಿಂತಳು. ಮುಖ ನೋಡಲಿಲ್ಲ, ರಾಶಿ ನೋಡಿದಳು. ಬಗ್ಗಿ ಸೀಳಿದ ಒಂದು ಹೋಳನ್ನು ಎತ್ತಿಕೊಂಡಳು. ಸಣ್ಣತಾಯಮ್ಮನ ರಾಶಿಯಿಂದ ಒಂದು. ಚನ್ನಪ್ಪನ ರಾಶಿಯಿಂದ ಒಂದು. ನನ್ನ ರಾಶಿಯಿಂದ ಒಂದು. ನಾಲ್ಕನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು ಹೊರಗೆ ಹೋದಳು. ಊರಿನ ಕಡೆಗಲ್ಲ, ಠಾಣೆಯ ಕಡೆಗೆ.

*

"ಠಾಣೆಗೋದ್ರೆ ಸಿಕ್ಬುಡ್ತದಾ ಹೋದ್ ಮಾನ?" ಸಂಜೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸಣ್ಣತಾಯಮ್ಮ ಎಂದಳು. "ನಾನಿಲ್ವಾ? ನಾನೂ ನುಂಗ್ಕಂಡಿವ್ನಿ."

ಏನು ನುಂಗಿಕೊಂಡಳೆಂದು ಯಾರೂ ಕೇಳಲಿಲ್ಲ.

"ನಂಗೊತ್ತಾಗ್ಲಿಲ್ಲ ಕಣ್ಲಾ," ಎಂದ ಗಿಡ್ಡಯ್ಯ. "ನಿಮ್ ಮೂರ್ ಜನದ ಮಕ ನೋಡ್ದೆ. ನೀವೆಲ್ಲಾ ಸುಮ್ಕೆ ಒಡೀತಿದ್ರಿ. ಅಂತಾದ್ದೇನೂ ಆಗಿಲ್ಲ ಅಂದ್ಕಂಡೆ."

"ನಾವ್ ನಿನ್ ಮಕ ನೋಡಿ ಅಂಗಂದ್ಕಂಡೋ," ಎಂದ ಚನ್ನಪ್ಪ. ಅವತ್ತು ಅವನು ಆಡಿದ ಮೊದಲ ಮಾತು ಅದು. "ನಾನಂತೂ ಆಚೆ ಊರೋನು. ನಿಮ್ ಕೇರಿ ಎಣ್ಣು. ನೀವೇ ಕುಂತಿರ್ಬೇಕಾದ್ರೆ ನಾನೆದ್ರೆ ಏನಂದ್ಕಂತೀರ?"

"ಅವ್ಳೂ ಏನ್ ಕಮ್ಮಿನಾ?" ಸಣ್ಣತಾಯಮ್ಮನೇ. "ಗೌರಿ ಹಬ್ಬದಾಗೆ ಆ ಮೂದೇವಿ ಕೊಟ್ಟ ಬಳೆ ಇಸ್ಕಂಡ್ಳು. ಇಸ್ಕಬ್ಯಾಡ ಕಣೇ ಅಂದೆ."

"ಬಳೆ ಎಲ್ರಿಗೂ ಕೊಟ್ನಲ್ಲಕ್ಕ," ಎಂದೆ. "ನಿನ್ ಕೈಲೂ ಅವೆ."

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನೀನ್ ಮಾತಾಡ್ಬ್ಯಾಡ್ಲಾ, ಬಡ್ಡೀಮಗನೆ!" ಗಿಡ್ಡಯ್ಯನಿಗೆ ಒಮ್ಮೆಲೇ ರೇಗಿತು. "ನೀನೊಂದ್ಕಿತ ಕೆಮ್ಮಿದ್ರೆ ಏನಾಗಿರದು? ಕೆಮ್ಮಕ್ಕೂ ಬರ್ದಂಗಾಗಿತ್ತಾ? ನೀನ್ ಕೆಮ್ತೀಯ ಅಂತ್ಲೇ ಕಣ್ಲಾ ನಾವ್ ಕುಂತಿದ್ದು!"

ಮೂವರಿಗೂ ಸಮಾಧಾನವಾದಂತೆ ಕಂಡಿತು. ಬಸ್ಸು ಬಂತು. ನಾನು ಹತ್ತಲಿಲ್ಲ.

*

ಒಂಬತ್ತು ದಿನದ ಮೇಲೆ ಮಹಜರಿಗೆ ಜೀಪು ಬಂತು. ಇಂದುಧರನಿಗೆ ಎದೆನೋವೆಂದು ಹಾಸನದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಅವನ ಪರವಾಗಿ ಕುರ್ಚಿ ಒರೆಸಿ, ಎಳನೀರು ಕೆತ್ತಿ, ಕೈಕಟ್ಟಿ ನಿಂತಿದ್ದವನು ಮರಿಯಣ್ಣ. ಸಬ್ ಇನ್ಸ್‌ಪೆಕ್ಟರು ಮೂವತ್ತರ ಹುಡುಗ, ಹೆಸರು ಉದಯಕುಮಾರ್.

"ನಮ್ ಪೈಕಿಯೋರೇ ಅಂತೆ ಕಣ್ಲಾ," ಸಣ್ಣತಾಯಮ್ಮ ನನ್ನ ಕಿವಿಯಲ್ಲಿ ಎಂದಳು. ಅದು ಆಸೆಯೋ ಭಯವೋ ತಿಳಿಯಲಿಲ್ಲ.

ಲತಾಮಣಿ ಬಾಗಿಲ ಬಳಿ ನಿಂತಿದ್ದಳು. ಬಟ್ಟೆಯ ಗಂಟು ಬಿಚ್ಚಿ ನಾಲ್ಕು ಹೋಳುಗಳನ್ನು ಮೇಜಿನ ಮೇಲಿಟ್ಟಳು.

"ಏನಮ್ಮ ಇದು, ಚಟ್ನಿಗಾ?" ಎಂದ ಬರೆಯುವ ಪೇದೆ. ಮರಿಯಣ್ಣ ನಕ್ಕ.

"ಅವತ್ತಿಂದು ಸಾರ್. ಇವ್ರು ಒಡ್ದಿದ್ದು. ಇವ್ರಿಗೆ ಕೇಳುಸ್ತು ಅನ್ನಕ್ಕೆ."

ಸಬ್ ಇನ್ಸ್‌ಪೆಕ್ಟರು ಹೋಳುಗಳನ್ನು ಮುಟ್ಟಲಿಲ್ಲ. "ನೋಡೋಣ," ಎಂದು ಮಹಿಳಾ ಪೇದೆ ಮೇಘಶ್ರೀಯನ್ನು ಅಟ್ಟಕ್ಕೆ ಹತ್ತಿಸಿದರು. "ನೀವು ದಿನಾ ಒಡಿಯೋ ಥರಾನೇ ಒಡೀರಿ. ಆಯಮ್ಮ ಮೇಲಿಂದ ಕೂಗ್ತಾಳೆ. ಕೇಳ್ಸುತ್ತೋ ಇಲ್ವೋ ಪರೀಕ್ಷೆ."

ಒಡೆದೆವು. ಮೇಲಿಂದ ಮೇಘಶ್ರೀ, "ಅಯ್ಯೋ! ಬಿಡ್ರೀ! ಕಾಪಾಡೀ!" ಎಂದು ಕೂಗಿದಳು. ಕೂಗಿ ಅಭ್ಯಾಸವಿಲ್ಲದವಳು. ಕೊನೆಗೆ ಅವಳಿಗೇ ನಗು ಬಂತು.

"ಕೇಳುಸ್ತಾ?"

"ಇಲ್ಲ ಬುದ್ಧಿ," ಎಂದ ಗಿಡ್ಡಯ್ಯ. ಅವನ ಮುಂದೆ ಮೂರು ಉಂಡೆ, ಗೀರಿಲ್ಲದ್ದು.

"ಸಾರ್," ಲತಾಮಣಿ ಒಂದು ಹೆಜ್ಜೆ ಮುಂದೆ ಬಂದಳು. "ನಾನ್ ಅಯ್ಯೋ ಅನ್ಲಿಲ್ಲ. ಕಾಪಾಡಿ ಅಂತ್ಲೂ ಅನ್ಲಿಲ್ಲ. ಹೆಸ್ರಿಡ್ದು ಕರ್ದೆ."

ಹೌದು. ಅವತ್ತಿನ ಸದ್ದು ಅದು. ನಾನು ಹೇಳದೆ ಉಳಿಸಿಕೊಂಡಿದ್ದು. ಅವಳು ಚೀರಲಿಲ್ಲ, ಅಳಲಿಲ್ಲ. ದಬ್ಬೆಯ ಸಂದಿಗೆ ಬಾಯಿಟ್ಟು, ಕೆಲಸಕ್ಕೆ ಕರೆಯುವಂತೆ, ಒಬ್ಬೊಬ್ಬರನ್ನೇ ಕರೆದಳು. ಗಿಡ್ಡಯ್ಯಣ್ಣಾ. ಸಣ್ತಾಯಕ್ಕಾ. ಚನ್ನಪ್ಪಣ್ಣಾ. ಆಮೇಲೆ ಬಹಳ ಸಲ, ಪುಟ್ರಾಜಾ. ಪುಟ್ರಾಜಾ. ಗೂಡ್ಸ್ ಗಾಡಿಯ ಸದ್ದಿನೊಳಗೂ ಪುಟ್ರಾಜಾ.

ಸಬ್ ಇನ್ಸ್‌ಪೆಕ್ಟರು ನಮ್ಮ ಹೆಸರು ಕೇಳಿ ಬರೆದುಕೊಂಡು, ಕತ್ತೆತ್ತಿ ಮೇಘಶ್ರೀಗೆ ಓದಿ ಹೇಳಿದರು. "ಹೆಸರು ಕೂಗಮ್ಮ. ಒಡೀರಿ ನೀವು."

ಟಕ್ ಟಕ್ ಟಕ್.

"ಗಿಡ್ಡಯ್ಯಾ!"

ಗಿಡ್ಡಯ್ಯನ ಮಚ್ಚು ಒಳಗಿಳಿಯಿತು. ತಾಯಿ ಸತ್ತಾಗ ನಡುಗದ ಕೈ. ಉಂಡೆ ಎರಡಾಗಿ ಬಿತ್ತು.

"ಸಣ್ಣತಾಯಮ್ಮಾ!" ಹೋಳು. "ಚನ್ನಪ್ಪಾ!" ಹೋಳು. ನಾನು ಹಲ್ಲು ಕಚ್ಚಿ, ನನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕೈಯನ್ನು ಬಿಗಿ ಹಿಡಿದು ಕಾದೆ. "ಪುಟ್ಟರಾಜೂ!" ನನ್ನ ಮಚ್ಚು ಕೊಬ್ಬರಿಯನ್ನೂ ದಾಟಿ ಅಂಗೈಗೆ ತಾಗಿತು.

ಸಬ್ ಇನ್ಸ್‌ಪೆಕ್ಟರು ಎದ್ದು ಬಂದು ನಮ್ಮ ಸಾಲಿನ ಮುಂದೆ ನಡೆದರು. ಬೂಟಿನ ತುದಿಯಿಂದ ಒಂದು ಹೋಳನ್ನು ಹೊರಳಿಸಿದರು. ಅವರು ದಡ್ಡರಲ್ಲ. ಎಲ್ಲವೂ ಗೊತ್ತಾಯಿತು, ಅವರ ಮುಖವೇ ಹೇಳುತ್ತಿತ್ತು. "ಮೇಘಶ್ರೀ, ಅಲ್ಲೇ ಇರಮ್ಮ, ಇನ್ನೊಂದ್ಸಲ ಬೇಕಾಗಬಹುದು," ಎಂದು ನನ್ನ ಮುಂದೆ ನಿಂತರು.

"ನೀನು ಓದಿದೋನಂತೆ. ಅವತ್ತು ಏನು ಕೇಳುಸ್ತು?"

ಅಂಗೈಯ ರಕ್ತ ನೆಕ್ಕಿಕೊಂಡೆ. "ನನ್ ಹೆಸ್ರು ಕೇಳುಸ್ತು ಸಾರ್."

ಲತಾಮಣಿ ನನ್ನತ್ತ ನೋಡಿದಳು. ಒಂಬತ್ತು ದಿನದಲ್ಲಿ ಮೊದಲ ಸಲ.

"ಎಷ್ಟು ಸಲ?"

"ಎಣಿಸ್ಲಿಲ್ಲ. ಏಳೆಂಟು."

"ಕೇಳಿ ಏನು ಮಾಡ್ದೆ?"

ಇಂಥ ಪ್ರಶ್ನೆಯೊಂದು ಬರುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

"ಕಾಯಿ ಒಡ್ದೆ ಸಾರ್."

"ಕೇಳಿಸ್ಕೊಂಡೂ ಹತ್ತಲಿಲ್ಲ?"

"ಇಲ್ಲ."

"ಹಾಗಾದ್ರೆ ನಿನ್ನನ್ನೇನು ಮಾಡ್ಬೇಕಯ್ಯ?" ಅವರು ಮೆಲ್ಲಗೆ, ನಿಜವಾಗಿಯೂ ಕೇಳುತ್ತಿರುವಂತೆ ಕೇಳಿದರು. ಆಮೇಲೆ ಮಿಕ್ಕ ಮೂವರ ಕಡೆ ತಿರುಗಿ, "ನಿಮಗೂ ಕೇಳುಸ್ತಾ?"

"ಸ್ವಾಮಿ," ಗಿಡ್ಡಯ್ಯ ಕೈ ಮುಗಿದ. "ಅವ್ನ್ ಮಾತ ನಂಬ್ಬ್ಯಾಡಿ. ಅವ್ನು ಮಿಮಿಕ್ರಿ ಮಾಡೋನು. ದಿನಾ ಏನಾರ ಕಟ್ಟಿ ಯೋಳ್ತಾನೆ. ಅವ್ನ್ ಬಾಯಲ್ಲಿ ಯಾವ್ದು ದಿಟ ಯಾವ್ದು ಆಟ ನಮ್ಗೇ ಗೊತ್ತಾಗಕ್ಕಿಲ್ಲ."

"ಊ ಸಾರ್," ಎಂದಳು ಸಣ್ಣತಾಯಮ್ಮ, ನೆಲ ನೋಡುತ್ತ. "ಆಟಗುಳಿ."

ಮರಿಯಣ್ಣ ನಕ್ಕ. ಪೇದೆ ನಕ್ಕ. ಪಂಚರಾಗಿ ಬಂದಿದ್ದ ಪಕ್ಕದ ಗೋದಾಮಿನವರಿಬ್ಬರು ನಕ್ಕರು. ಸಬ್ ಇನ್ಸ್‌ಪೆಕ್ಟರ ಭುಜಗಳು ಇಳಿದವು.

"ಓಹೋ. ಮಿಮಿಕ್ರಿನಾ? ಯಾರ್ಯಾರದ್ದು ಮಾಡ್ತೀಯ?"

"ನಿಮ್ದೂ ಮಾಡ್ತಾನೆ ಸಾರ್," ಎಂದ ಮರಿಯಣ್ಣ. "ಒಂದ್ಕಿತ ಕೇಳಿದ್ರೆ ಸಾಕು, ಬೋಳಿಮಗ."

"ಮಾಡು ನೋಡೋಣ."

ನಾನು ಎದ್ದು ನಿಂತೆ. ಬೆನ್ನು ನೆಟ್ಟಗೆ ಮಾಡಿದೆ. ಕುರ್ಚಿಯ ಕಡೆ ನೋಡದೆ, ಕಿಟಕಿಯಾಚೆ ನೋಡುತ್ತ, ಅವರದೇ ದನಿಯಲ್ಲಿ ಹೇಳಿದೆ: "ಬರ್ಕೊಳ್ರೀ. ಅಟ್ಟದ ಮೇಲಿನಿಂದ ಹೆಸರು ಹಿಡಿದು ಕೂಗಿದಾಗ, ಕೆಳಗೆ ಕಾಯಿ ಒಡೆಯುತ್ತಿದ್ದ ನಾಲ್ವರಿಗೂ ಸ್ಪಷ್ಟವಾಗಿ ಕೇಳಿಸಿದ್ದು ಕಂಡುಬಂದಿರುತ್ತದೆ."

ಗೋದಾಮು ಬಿದ್ದು ಬಿದ್ದು ನಕ್ಕಿತು. ಪಂಚರಲ್ಲೊಬ್ಬ ಚಪ್ಪಾಳೆ ತಟ್ಟಿದ. ಬರೆಯುವ ಪೇದೆ ಮಾತ್ರ ನಗಲಿಲ್ಲ. ದನಿ ಕಿವಿಗೆ ಬಿದ್ದದ್ದೇ ಅವನ ಕೈ ಅಭ್ಯಾಸದಂತೆ ಓಡಿ, ಪೂರ್ತಿ ಎರಡು ಸಾಲು ಬರೆದು ಚುಕ್ಕೆಯನ್ನೂ ಇಟ್ಟುಬಿಟ್ಟಿತ್ತು. ಸಬ್ ಇನ್ಸ್‌ಪೆಕ್ಟರು ಅದನ್ನು ಬಗ್ಗಿ ಓದಿದರು. ಅವರ ಜೇಬಿನಲ್ಲಿ ಫೋನು ಗುರುಗುಟ್ಟಿತು. ತೆಗೆದು ಹೆಸರು ನೋಡಿ, ಎತ್ತದೆ ಹಾಗೆಯೇ ಜೇಬಿಗೆ ಹಾಕಿದರು.

"ಹೊಡೆದಾಕ್ರೀ ಅದನ್ನ," ಎಂದರು. "ಹೊಸದಾಗಿ ಬರ್ಕೊಳ್ಳಿ. ಕಾಯಿ ಒಡೆಯುವ ಶಬ್ದದಿಂದಾಗಿ ಸ್ಪಷ್ಟವಾಗಿ ಕೇಳಿಸುವ ಸಂಭವ ಇರುವುದಿಲ್ಲ."

ಪೇದೆ ಬರೆದ. ಗಿಡ್ಡಯ್ಯ ಹೆಬ್ಬೆಟ್ಟು ಒತ್ತಿದ, ಸಣ್ಣತಾಯಮ್ಮ ಒತ್ತಿದಳು, ಚನ್ನಪ್ಪ ಸಹಿ ಹಾಕಿದ. ಕಾಗದ ನನ್ನ ಮುಂದೆ ಬಂತು. ನನ್ನ ಅಂಗೈಯ ರಕ್ತ ನೋಡಿ ಪೇದೆ, "ಕಾಗದ ಕೊಳೆಯಾಗ್ತದೆ, ಇವನದು ಬೇಡ ಬಿಡಿ ಸಾರ್," ಎಂದ. ಬಿಟ್ಟರು. ನನ್ನ ಜಾಗಕ್ಕೆ ಮರಳಿ ಕೂತೆ. ನನಗೆ ಹಗುರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಲತಾಮಣಿ ಹೋಗಿ ಏಣಿಯನ್ನು ಹಿಡಿದು, ಅಟ್ಟದ ಅಂಚಿನಿಂದ ಜಾರಿಸಿ ನೆಲಕ್ಕೆ ಕೆಡವಿದಳು. ಇಬ್ಬರು ಹೊರಬೇಕಾದ ಏಣಿ. ಒಂದು ತುದಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲ ಕಡೆಗೆ ಎಳೆಯತೊಡಗಿದಳು. ಇನ್ನೊಂದು ತುದಿ ನೆಲದ ಮೇಲೆ ಕರಕರ ಎಂದು ಗೀಚುತ್ತ ಬಂತು.

"ಏಯ್, ಎಲ್ಗೇ ಆ ಏಣಿ?" ಎಂದ ಮರಿಯಣ್ಣ.

"ಜೀಪಿಗೆ. ಇದ್ನೂ ಬರ್ಕಳ್ಲಿ. ಇನ್ಮ್ಯಾಕೆ ಇಲ್ಲಿ ಯಾವಳೂ ಹತ್ತದು ಬ್ಯಾಡ."

ಏಣಿ ನಮ್ಮ ಸಾಲಿನ ಮುಂದೆ ಹಾದುಹೋಯಿತು. ಗಿಡ್ಡಯ್ಯ ಕಾಲು ಮಡಿಚಿ ದಾರಿ ಬಿಟ್ಟ. ಸಣ್ಣತಾಯಮ್ಮ ಬಿಟ್ಟಳು. ಚನ್ನಪ್ಪ ಬಿಟ್ಟ. ಅದರ ಹಿಂದಿನ ತುದಿ ನನ್ನ ಮುಂದೆ ಬಂದಾಗ ಒಂದು ಕಲ್ಲಿಗೆ ಸಿಕ್ಕಿ ನಿಂತಿತು. ಎತ್ತಿಕೊಟ್ಟರೆ ಸಾಕು. ಅವಳು ಹಿಂತಿರುಗಿ ನೋಡಲಿಲ್ಲ, ಕರೆಯಲೂ ಇಲ್ಲ. ಜಗ್ಗಿದಳು. ಕಲ್ಲು ಸರಿಯಿತು. ನಾನೂ ಕಾಲು ಮಡಿಚಿದೆ.

ಆಗ ಮೇಲಿಂದ ಮೇಘಶ್ರೀ ಕೂಗಿದಳು. "ಸಾರ್, ನಾನಿನ್ನೂ ಇಲ್ಲೇ ಇದೀನಿ! ರೀ, ಯಾರಾದ್ರೂ ಏಣಿ ಹಾಕ್ರೀ!"

ಯಾರ ಹೆಸರನ್ನೂ ಹಿಡಿದಿರಲಿಲ್ಲ. ನಾಲ್ವರೂ ಒಟ್ಟಿಗೆ ಎದ್ದಿದ್ದೆವು. ಮಂಡಿ ನೋವಿನ ಸಣ್ಣತಾಯಮ್ಮನೇ ಮೊದಲು. "ಬತ್ತೀವಿ ಕಣವ್ವಾ, ಎದ್ರುಕಬ್ಯಾಡ!" ಎಂದು ಕೂಗುತ್ತ ಗಿಡ್ಡಯ್ಯ ಓಡಿದ. ಬಾಗಿಲ ಬಳಿ ಏಣಿಯ ಹಿಂದಿನ ತುದಿಯನ್ನು ಹಿಡಿದುಕೊಂಡೆವು. ನನ್ನ ಅಂಗೈ ಬಿದಿರಿಗೆ ಅಂಟಿಕೊಂಡಿತು.

"ಬಿಡೇ," ಎಂದ ಗಿಡ್ಡಯ್ಯ. "ಪೋಲೀಸ್ನೋರು ಮ್ಯಾಗವ್ರೆ."

ಅಂಗಳದ ಬಿಸಿಲಲ್ಲಿ ಏಣಿಯ ಆ ತುದಿ ಅವಳ ಕಂಕುಳಲ್ಲಿತ್ತು. ಹಿಮ್ಮಡಿಯನ್ನು ನೆಲಕ್ಕೂರಿ ನಿಂತಿದ್ದಳು. ಬಿಡಲಿಲ್ಲ.

ನಾವು ನಾಲ್ಕು ಜನ, ಒಟ್ಟಿಗೆ, ಎಳೆದೆವು.